ಸ್ಮಾರ್ಟ್‌ವಾಚ್ ತೋರಿಸುವ ಕ್ಯಾಲೊರಿಯನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ?

ಬೆಳಗಿನ ನಡಿಗೆ ಮುಗಿಸಿದವರು ಮಣಿಕಟ್ಟು ನೋಡಿಕೊಂಡು, ‘ಇನ್ನೂರಹತ್ತು ಕರಗಿತು, ಇನ್ನೊಂದು ಮಸಾಲೆ ದೋಸೆಗೆ ಅಡ್ಡಿಯಿಲ್ಲ’ ಎನ್ನುತ್ತಾ ಹೋಟೆಲಿನತ್ತ ಹೊರಡುವುದನ್ನು ದಿನವೂ ನೋಡುತ್ತೇನೆ. ವಾಚು ಕ್ಯಾಲೊರಿಯನ್ನು ನೇರವಾಗಿ ಅಳೆಯುವುದೇ ಇಲ್ಲ. ಕೈಯ ಚಲನೆ ಮತ್ತು ನಾಡಿಬಡಿತವನ್ನು ಗಮನಿಸಿ ಅಂದಾಜು ಕಟ್ಟುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ನಾಡಿಯನ್ನು ಆರು ಸಾಧನಗಳು ಸರಿಯಾಗಿಯೇ ಹಿಡಿದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಉತ್ತಮವಾದದ್ದೂ ಸರಾಸರಿ ಶೇ 27ರಷ್ಟು ತಪ್ಪಿತ್ತು.

ಮೊದಲು ಆ್ಯಪ್‌ನಲ್ಲಿ ವಯಸ್ಸು, ಲಿಂಗ, ಎತ್ತರ ಮತ್ತು ಈ ವಾರದ ತೂಕವನ್ನು ತುಂಬಿರಿ. ಮದುವೆಯ ಕಾಲದ ತೂಕ ಬೇಡ.

ಹೆಚ್ಚಿನವರು ಎಡವುವುದು ಕಟ್ಟಿಕೊಳ್ಳುವುದರಲ್ಲಿ. ವಾಚಿನ ಅಡಿಯಲ್ಲಿ ಮಿನುಗುವ ಹಸಿರು ಬೆಳಕನ್ನು ಚರ್ಮದಡಿಯ ರಕ್ತ ಹೀರಿಕೊಳ್ಳುವ ಪ್ರಮಾಣವು ಪ್ರತಿ ಬಡಿತಕ್ಕೂ ಏರಿಳಿಯುವುದರಿಂದಲೇ ನಾಡಿ ಗೊತ್ತಾಗುತ್ತದೆ. ಪಟ್ಟಿ ಬಳೆಯಂತೆ ಜೋಲಾಡಿದರೆ ಹೊರಗಿನ ಬೆಳಕು ನುಸುಳಿ ಲೆಕ್ಕ ಕೆಡುತ್ತದೆ. ಕಿರುಬೆರಳಿನ ಬದಿಯಲ್ಲಿ ಉಬ್ಬಿರುವ ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳಿನಷ್ಟು ಮೊಣಕೈಯತ್ತ ಸರಿಸಿ ಕಟ್ಟಿರಿ. ಕೈ ಕೊಡವಿದರೆ ವಾಚು ಜಾರಬಾರದು, ಬಿಚ್ಚಿದಾಗ ಆಳವಾದ ಗುರುತೂ ಉಳಿಯಬಾರದು. ಬಳೆಗಳಿರುವ ಕೈಗೆ ಕಟ್ಟಲೇಬೇಡಿ. ಚಳಿಯಲ್ಲಿ ಚರ್ಮಕ್ಕೆ ರಕ್ತ ಕಡಿಮೆ ಹರಿಯುವುದರಿಂದ, ಐದು ನಿಮಿಷ ನಡೆದು ಮೈ ಬೆಚ್ಚಗಾದ ಮೇಲೆ ತೋರುವ ನಾಡಿಯನ್ನಷ್ಟೇ ನಂಬಿರಿ. ಅನುಮಾನ ಬಂದರೆ ನಿಂತು, ಬೆರಳಿಟ್ಟು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ ನೋಡಿರಿ. ನಾನು ಅಗ್ಗಕ್ಕೆ ಕೊಂಡ ವಾಚೊಂದನ್ನು ಲಟ್ಟಣಿಗೆಗೆ ಸುತ್ತಿದಾಗ ಅದು ನಿಮಿಷಕ್ಕೆ 78 ಬಡಿತ ತೋರಿಸಿತ್ತು. ಅಂಥದ್ದಕ್ಕೆ ಹಣ ಹಾಕುವ ಬದಲು ಬರೀ ಗಡಿಯಾರ ನೋಡಿಕೊಂಡು ನಡೆಯುವುದು ಮೇಲು.

ಹೊರಡುವ ಮುನ್ನ ನಡಿಗೆಯೋ ಸೈಕಲ್ಲೋ ಎಂಬುದನ್ನು ವಾಚಿನಲ್ಲಿ ಆರಿಸಿ. ಸೈಕಲ್ ಹಿಡಿ ಹಿಡಿದ ಕೈಯಾಗಲಿ, ತರಕಾರಿ ಚೀಲ ಹೊತ್ತ ಕೈಯಾಗಲಿ ಬೀಸುವುದಿಲ್ಲವಾದ್ದರಿಂದ ವಾಚಿಗೆ ಅದು ದುಡಿಮೆಯಂತೆ ಕಾಣದಿರಬಹುದು.

ಇನ್ನು ಕಳೆಯುವ ಲೆಕ್ಕ. ವಾಚು ತೋರಿಸುವುದು ಒಟ್ಟು ಕ್ಯಾಲೊರಿಯೋ ಚಟುವಟಿಕೆಯದ್ದು ಮಾತ್ರವೋ ಎಂಬುದನ್ನು ನೋಡಿಕೊಳ್ಳಿ. ಒಟ್ಟಾದರೆ, ಸುಮ್ಮನೆ ಮಲಗಿದ್ದರೂ ಖರ್ಚಾಗುತ್ತಿದ್ದ ಪಾಲನ್ನು ಕಳೆಯಬೇಕು. ಒಂದು ದಿನದ ಆ ಪಾಲು ಎಷ್ಟೆಂದು ತಿಳಿಯಲು ಮಹಿಳೆಯರು ತೂಕದ ಕಿಲೋಗಳನ್ನು 10ರಿಂದಲೂ ಎತ್ತರದ ಸೆಂಟಿಮೀಟರುಗಳನ್ನು 6.25ರಿಂದಲೂ ಗುಣಿಸಿ ಕೂಡಿಸಿ, ಅದರಿಂದ ವಯಸ್ಸಿನ ಐದು ಪಟ್ಟನ್ನೂ 161ನ್ನೂ ಕಳೆಯಬೇಕು. ಪುರುಷರು 161 ಕಳೆಯುವ ಬದಲು 5 ಕೂಡಿಸಬೇಕು. 60 ಕಿಲೋ ತೂಕದ, 155 ಸೆಂ.ಮೀ. ಎತ್ತರದ, 40 ವರ್ಷದ ಮಹಿಳೆಗೆ ಇದು ದಿನಕ್ಕೆ ಸುಮಾರು 1,208, ಅಂದರೆ ಗಂಟೆಗೆ 50. ಅವರ ಒಂದು ಗಂಟೆಯ ನಡಿಗೆಗೆ ವಾಚು ಒಟ್ಟು 210 ಎಂದರೆ, ನಡಿಗೆಯ ನಿಜವಾದ ಸಂಪಾದನೆ 160. ವಾಚಿನ ತಪ್ಪಿಗೆಂದು ನಾನು ಅದರಲ್ಲೂ ಕಾಲು ಭಾಗ ಬಿಟ್ಟು 120 ಎಂದೇ ಬರೆದುಕೊಳ್ಳುತ್ತೇನೆ.