ಜಿಪ್ಸಿಯ ಸ್ಟೇರಿಂಗ್ ನಡುಕ: ಕಿಂಗ್‌ಪಿನ್ ಬೇರಿಂಗ್ ಮನೆಯಲ್ಲೇ ಬದಲಿಸುವುದು

ಗಾಡಿ ಐವತ್ತು, ಐವತ್ತೈದರಲ್ಲಿ ಹೋಗುತ್ತಿರುತ್ತದೆ. ಮುಂದಿನ ಚಕ್ರ ಒಂದು ಸಣ್ಣ ಗುಂಡಿಗೆ ಇಳಿದು ಹತ್ತುತ್ತದೆ, ಅಷ್ಟಕ್ಕೇ ಸ್ಟೇರಿಂಗ್ ಗಡಗಡ ನಡುಗಲು ಶುರು. ವೇಗ ಮೂವತ್ತಕ್ಕೆ ಇಳಿಯುವ ತನಕ ನಿಲ್ಲುವುದಿಲ್ಲ. ಹಳೆ ಮಾರುತಿ ಜಿಪ್ಸಿ ಇಟ್ಟುಕೊಂಡವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಗ್ಯಾರೇಜಿಗೆ ಹೋದರೆ ಮೊದಲು ಬರುವ ಮಾತು "ಸ್ಟೇರಿಂಗ್ ಡ್ಯಾಂಪರ್ ಹಾಕ್ಸಿ ಸಾರ್, ಸರಿಹೋಗುತ್ತೆ". ಹಾಕಿಸಿದರೆ ಸ್ವಲ್ಪ ದಿನ ಸುಮ್ಮನಿರುವುದೂ ಹೌದು. ಆದರೆ ಡ್ಯಾಂಪರ್ ಮಾಡುವುದು ನಡುಕವನ್ನು ಅದುಮಿ ಹಿಡಿಯುವ ಕೆಲಸ. ನಡುಕ ಹುಟ್ಟುವ ಸಡಿಲ ಬೇರೆಲ್ಲೋ ಇರುತ್ತದೆ. ನಾನು ಬಿಚ್ಚಿ ನೋಡಿದ ಹೆಚ್ಚಿನ ಗಾಡಿಗಳಲ್ಲಿ ಅದು ಸಿಕ್ಕಿದ್ದು ಕಿಂಗ್‌ಪಿನ್ ಬೇರಿಂಗಿನಲ್ಲಿ. ಸ್ಟೇರಿಂಗ್ ತಿರುಗಿಸಿದಾಗ ಚಕ್ರವನ್ನು ಹೊತ್ತ ತುಂಡು (ಅದಕ್ಕೆ ನಕಲ್ ಎನ್ನುತ್ತಾರೆ) ಎಡಬಲಕ್ಕೆ ತಿರುಗುವುದು ಮೇಲೊಂದು ಕೆಳಗೊಂದು ಇರುವ ಕಿಂಗ್‌ಪಿನ್ ಎಂಬ ಗೂಟಗಳ ಮೇಲೆ.

ನನ್ನದು 1998ರ ಎಂಜಿ413ಡಬ್ಲ್ಯೂ, 1.3 ಲೀಟರಿನ ಕಾರ್ಬುರೇಟರ್ ಇಂಜಿನ್. ಸಕಲೇಶಪುರದ ಈಚೆ ತೋಟದ ರಸ್ತೆಯಲ್ಲಿ ಓಡುವ ಗಾಡಿ, ಹಾಗಾಗಿ ಕೆಸರು, ಹಳ್ಳದ ನೀರು ಎರಡಕ್ಕೂ ಬರವಿಲ್ಲ. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಬಂದ 2000ದ ನಂತರದ ಜಿಪ್ಸಿ ಕಿಂಗ್‌ಗಳಿಗೂ ಕೆಳಗಿನ ಕೆಲಸ ಇದೇ. ಮಹೀಂದ್ರಾ ಜೀಪಿನವರು ತತ್ವವನ್ನಷ್ಟೇ ತೆಗೆದುಕೊಳ್ಳಿ, ಅಳತೆಗಳು ಬೇರೆ.

ಮೊದಲು ಪತ್ತೆ ಕೆಲಸ. ಟೈರಿನ ಗಾಳಿ ಸರಿಮಾಡಿ, ವೀಲ್ ಬ್ಯಾಲೆನ್ಸ್ ಮಾಡಿಸಿ. ರಿಮ್ಮಿನ ಒಳಗೆ ಒಣಗಿ ಕೂತ ಕೆಸರೂ ನಡುಗಿಸುತ್ತದೆ, ಅದನ್ನು ಕೆರೆದು ತೆಗೆಯಿರಿ. ಆಮೇಲೆ ಮುಂದಿನ ಆಕ್ಸಲ್ಲಿಗೆ ಜ್ಯಾಕ್ ಕೊಟ್ಟು ಸ್ಟ್ಯಾಂಡ್ ಮೇಲೆ ಕೂರಿಸಿ. ಸಿಮೆಂಟ್ ಹಾಲೋ ಬ್ಲಾಕ್ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ತೂರುವವರನ್ನು ಈಗಲೂ ನೋಡುತ್ತೇನೆ. ಆ ಬ್ಲಾಕ್ ಒಡೆಯುವ ಮುಂಚೆ ಹೇಳಿ ಕೇಳಿ ಒಡೆಯುವುದಿಲ್ಲ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಡಿ, ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ.

ಈಗ ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಟಕ್ ಟಕ್ ಎಂದು ಪ್ಲೇ (ಸಡಿಲ) ಸಿಕ್ಕಿದರೆ ಅದು ವೀಲ್ ಬೇರಿಂಗೋ ಕಿಂಗ್‌ಪಿನ್ನೋ ಗೊತ್ತಾಗಬೇಕಲ್ಲ? ಮನೆಯವರನ್ನು ಯಾರನ್ನಾದರೂ ಕರೆದು ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ವೀಲ್ ಬೇರಿಂಗ್. ಒತ್ತಿದರೂ ಹಾಗೇ ಇದ್ದರೆ ಕಿಂಗ್‌ಪಿನ್. ಎಡಕ್ಕೆ ಬಲಕ್ಕೆ ಹಿಡಿದು ಅಲುಗಾಡಿಸಿದಾಗ ಮಾತ್ರ ಪ್ಲೇ ಬಂದರೆ ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳುಗಳನ್ನು, ಅಂದರೆ ಟೈರಾಡ್ ಎಂಡ್, ಡ್ರ್ಯಾಗ್ ಲಿಂಕ್ ನೋಡಬೇಕು. ಸ್ಟೇರಿಂಗ್ ಬಾಕ್ಸ್ ಛಾಸಿಗೆ ಕೂತಿರುವ ಬೋಲ್ಟುಗಳ ಮೇಲೂ ಒಂದು ಪಾನ ಆಡಿಸಿಬಿಡಿ.

ಕಿಂಗ್‌ಪಿನ್ ಎಂದು ಖಾತ್ರಿಯಾದ ಮೇಲೆ ಸಾಮಾನು ತರಿಸಿಕೊಳ್ಳಿ: ಎರಡೂ ಬದಿಗೆ ಮೇಲೆ ಕೆಳಗೆ ಒಟ್ಟು ನಾಲ್ಕು ಬೇರಿಂಗ್, ಎರಡು ನಕಲ್ ಸೀಲ್ ಸೆಟ್, ಆಕ್ಸಲ್ ಒಳಗಿನ ಆಯಿಲ್ ಸೀಲ್, ಹಬ್ ಸೀಲ್, ಹೊಸ ಲಾಕ್ ವಾಷರ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಲ್ಲ ಸಿಗುತ್ತದೆ. ಬೇರಿಂಗ್ ಮಾತ್ರ ಹೆಸರಿರುವ ಕಂಪನಿಯದೇ ಇರಲಿ. ಸೀಲಿನಲ್ಲಿ ಉಳಿಸಿದ ನೂರಿನ್ನೂರು ರೂಪಾಯಿ ಒಂದೇ ಮಳೆಗಾಲಕ್ಕೆ ಕೆಸರಾಗಿ ಒಳಗೆ ಬರುತ್ತದೆ.

ಒಂದು ಬದಿ ಮುಗಿಯುವ ತನಕ ಇನ್ನೊಂದು ಬದಿಗೆ ಕೈ ಹಾಕಬೇಡಿ. ಜೋಡಿಸುವಾಗ ಅನುಮಾನ ಬಂದರೆ ನೋಡಿಕೊಳ್ಳಲು ಆ ಬದಿ ಇರುತ್ತದೆ.

ಚಕ್ರ ತೆಗೆದು ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಬಿಚ್ಚಿ, ತಂತಿಯಿಂದ ಲೀಫ್ ಸ್ಪ್ರಿಂಗಿಗೆ ಕಟ್ಟಿಬಿಡಿ. ಬ್ರೇಕ್ ಹೋಸಿನ ಮೇಲೆ ಅದರ ಭಾರ ಬೀಳಬಾರದು. ಫ್ರೀವೀಲ್ ಹಬ್ಬಿನ ಬೋಲ್ಟು, ಆಕ್ಸಲ್ ತುದಿಯ ಸರ್‌ಕ್ಲಿಪ್, ಮಡಚಿದ ಲಾಕ್ ವಾಷರ್, ದೊಡ್ಡ ನಟ್, ಆಮೇಲೆ ಹಬ್, ಈ ಕ್ರಮದಲ್ಲಿ ತೆಗೆಯಿರಿ. ಆ ನಟ್ಟಿಗೆ ಉಳಿ ಇಟ್ಟು ಹೊಡೆಯುವ ಪದ್ಧತಿ ನಮ್ಮಲ್ಲಿ ಜಾಸ್ತಿ. ದಯವಿಟ್ಟು ಅದರ ಬಾಕ್ಸ್ ಪಾನವನ್ನೇ ಕೊಳ್ಳಿ, ಜೀವಮಾನ ಬರುತ್ತದೆ. ಹಬ್ ಕೂತಿದ್ದ ಕೊಳವೆ, ಅಂದರೆ ಸ್ಪಿಂಡಲ್ ಬಿಚ್ಚಿದರೆ ಆಕ್ಸಲ್ ಶಾಫ್ಟ್ ಜಾಯಿಂಟ್ ಸಮೇತ ಹೊರಗೆ ಬರುತ್ತದೆ. ಒಳಗೆ ಗ್ರೀಸ್ ಇರಬೇಕಾದ ಕಡೆ ತೆಳ್ಳಗೆ ಕಪ್ಪು ಸಾರಿನ ಹಾಗೆ ಹರಿದರೆ, ಡಿಫರೆನ್ಷಿಯಲ್ಲಿನ ಎಣ್ಣೆ ಒಳಸೀಲ್ ದಾಟಿ ಬಂದಿದೆ ಎಂದರ್ಥ.

ಟೈರಾಡ್ ಎಂಡ್ ಬಿಡಿಸಲು ಪುಲ್ಲರ್ ಇಲ್ಲದಿದ್ದರೆ ನಕಲ್ ತೋಳಿನ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯಿಂದ ಎರಡು ಗಟ್ಟಿ ಏಟು ಕೊಡಿ. ಮರೆಯ (ಥ್ರೆಡ್ಡಿನ) ಮೇಲೆ ಹೊಡೆಯಬೇಡಿ, ನಟ್ ಮತ್ತೆ ಕೂರುವುದಿಲ್ಲ. ಕೊನೆಗೆ ಮೇಲಿನ, ಕೆಳಗಿನ ಕಿಂಗ್‌ಪಿನ್. ಅವುಗಳ ಕೆಳಗೆ ಸಂದು ತುಂಬುವ ತೆಳು ತಗಡು, ಅಂದರೆ ಶಿಮ್‌ಗಳಿರುತ್ತವೆ. ಮೇಲಿನದನ್ನು ಒಂದು ಡಬ್ಬಿಗೆ, ಕೆಳಗಿನದನ್ನು ಇನ್ನೊಂದಕ್ಕೆ ಹಾಕಿ ಮೇಲೆ ಬರೆದಿಡಿ. ಬಿಚ್ಚಿದ್ದನ್ನೆಲ್ಲ ಒಂದೇ ಬೋಗುಣಿಗೆ ಸುರಿದರೆ ಸಂಜೆ ಹೊತ್ತಿಗೆ ಅಳಬೇಕಾಗುತ್ತದೆ.

ನಕಲ್ ಹೊರಬಂದ ಮೇಲೆ ಬೇರಿಂಗಿನ ಕಪ್ಪನ್ನು (ರೋಲರುಗಳು ಕೂರುವ ಹೊರಬಳೆ) ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು ಬಿಸಿಲಿಗೆ ಹಿಡಿಯಿರಿ. ಸುತ್ತಲೂ ರೋಲರುಗಳ ಅಳತೆಗೆ ಸರಿಯಾಗಿ ಸಣ್ಣ ಸಣ್ಣ ಗೀರುಗಳು ಕಾಣುತ್ತವೆ, ಬೆರಳಿನ ಉಗುರಿಗೆ ತಡೆಯುವಷ್ಟು ಆಳ. ಈ ಬೇರಿಂಗ್ ವೀಲ್ ಬೇರಿಂಗಿನ ಹಾಗೆ ಸುತ್ತುವುದಿಲ್ಲ. ಬಾಳಿನ ಹೆಚ್ಚು ಭಾಗ ಚಕ್ರ ನೇರ ಇರುವ ಜಾಗದಲ್ಲೇ ನಿಂತು ಏಟು ತಿನ್ನುತ್ತದೆ, ಅದಕ್ಕೇ ಒಂದೇ ಕಡೆ ಕುಳಿ ಬೀಳುವುದು. ಹೀಗಾದ ಬೇರಿಂಗಿಗೆ ಶಿಮ್ ತೆಗೆದು ಬಿಗಿ ಮಾಡಿದರೆ ನೇರ ಹೋಗುವಾಗ ಸಡಿಲ, ತಿರುಗಿಸಿದಾಗ ಬಿಗಿ. ಬದಲಿಸದೆ ದಾರಿಯಿಲ್ಲ.

ಹಳೆ ಕಪ್ಪನ್ನು ಹಿಂದಿನಿಂದ ತಟ್ಟಿ ತೆಗೆಯಿರಿ, ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. ಹೊಸದನ್ನು ಹಿಂದಿನ ರಾತ್ರಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟರೆ ಕೂರಿಸುವುದು ಸಲೀಸು. ಮನೆಯವರಿಗೆ ಮೊದಲೇ ಹೇಳಿಡಿ. ಹಳೆ ಕಪ್ಪನ್ನೇ ಮೇಲಿಟ್ಟು ತಟ್ಟಿ. ತಳಕ್ಕೆ ಕೂತಾಗ ಏಟಿನ ಸದ್ದು ಬದಲಾಗಿ ಗಟ್ಟಿಯಾಗಿ ಕೇಳುತ್ತದೆ.

ಆಕ್ಸಲ್ ತುದಿಯ ಗುಂಡಿನ ಮೇಲೆ ತುಕ್ಕಿದ್ದರೆ ನೀರು ಹಾಕಿ 400ರ ಎಮರಿ ಪೇಪರಿನಿಂದ ಉಜ್ಜಿ ನುಣುಪು ಮಾಡಿ, ಇಲ್ಲದಿದ್ದರೆ ಹೊಸ ಸೀಲಿನ ಅಂಚು ಬೇಗ ಸವೆಯುತ್ತದೆ. ಒಳಗಿನ ಆಯಿಲ್ ಸೀಲ್ ಹಾಕಿ. ನಕಲ್ ಸೀಲ್ ಸೆಟ್ಟನ್ನು ಈಗಲೇ ಗುಂಡಿನ ಮೇಲಿಂದ ತೂರಿಸಿ ಹಿಂದಕ್ಕೆ ಸರಿಸಿ ಇಟ್ಟುಕೊಳ್ಳಿ. ಆಮೇಲೆ ತೂರಿಸಲು ಆಗುವುದಿಲ್ಲ, ನಕಲ್ ಮತ್ತೆ ಬಿಚ್ಚಬೇಕು.

ಬೇರಿಂಗಿಗೆ ಅಂಗೈಯಲ್ಲಿ ಗ್ರೀಸ್ ಇಟ್ಟು ಒತ್ತಿ ಒತ್ತಿ ತುಂಬಿ, ಇನ್ನೊಂದು ಬದಿಯಿಂದ ಇಣುಕುವ ತನಕ. ಅಂಗಡಿಯಲ್ಲಿ ಎಂಪಿ-3 ಎಂದರೆ ಕೊಡುತ್ತಾರೆ. ನಕಲ್ ಕೂರಿಸಿ, ಅವವೇ ಶಿಮ್ ಹಾಕಿ, ಕಿಂಗ್‌ಪಿನ್ ಬೋಲ್ಟುಗಳನ್ನು ಬಿಗಿ ಮಾಡಿ. ಆಕ್ಸಲ್ ಶಾಫ್ಟ್ ಈಗಲೇ ಬೇಡ, ಸೀಲಿನ ಬೋಲ್ಟೂ ಬೇಡ.

ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುವ ಕೆಲಸ ಇದು: ಬಿಗಿ ಅಳೆಯುವುದು. ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ ಬೇಕು. ಏಲಕ್ಕಿ ತೂಗುವ ಚಿಕ್ಕದಾದರೆ ಒಳ್ಳೆಯದು, ಐವತ್ತು ಕೆಜಿಯದರಲ್ಲಿ ಈ ಅಳತೆ ಕಾಣುವುದಿಲ್ಲ. ಟೈರಾಡ್ ಎಂಡ್ ಕೂರುವ ತೂತಿಗೆ ಕೊಕ್ಕೆ ಸಿಕ್ಕಿಸಿ, ತೋಳಿಗೆ ಅಡ್ಡಲಾಗಿ ನಿಧಾನಕ್ಕೆ ಎಳೆಯಿರಿ. ನಕಲ್ ಅಲುಗಿ ಹೊರಡುವಾಗ ಮುಳ್ಳು 1ರಿಂದ 1.8 ಕೆಜಿ ನಡುವೆ ಇರಬೇಕು. ಕಡಿಮೆ ಬಂದರೆ ಒಂದು ತೆಳು ಶಿಮ್ ತೆಗೆಯಿರಿ, ಜಾಸ್ತಿ ಬಂದರೆ ಸೇರಿಸಿ, ಮತ್ತೆ ಬಿಗಿ ಮಾಡಿ ಅಳೆಯಿರಿ. ಬೇಸರದ ಕೆಲಸ, ಆದರೆ ನಡುಕ ನಿಲ್ಲುವುದು ಇಲ್ಲೇ. ಅತಿ ಬಿಗಿ ಮಾಡಿದರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ಹಿಂದಕ್ಕೆ ಬರುವುದಿಲ್ಲ. ಶಿರಾಡಿ ಘಾಟಿಯಂಥ ಕಡೆ ಅದು ನಡುಕಕ್ಕಿಂತ ಅಪಾಯ.

ಅಳತೆ ಕೂತ ಮೇಲೆ ಸೀಲ್ ಸೆಟ್ಟಿನ ಫೆಲ್ಟನ್ನು (ಉಣ್ಣೆಯಂಥ ಪಟ್ಟಿ) ಎಣ್ಣೆಯಲ್ಲಿ ನೆನೆಸಿ ಸೀಲ್ ಕೂರಿಸಿ, ಜಾಯಿಂಟಿಗೆ ಗ್ರೀಸ್ ತುಂಬಿ ಶಾಫ್ಟ್ ತೂರಿಸಿ. ಹೊಸ ಸೀಲಿನ ಅಂಚಿಗೆ ಶಾಫ್ಟಿನ ಹಲ್ಲು ತಾಗದಂತೆ ಎತ್ತಿ ಹಿಡಿದು ಒಳಗೆ ಬಿಡಿ. ಉಳಿದದ್ದು ಬಿಚ್ಚಿದ್ದರ ಉಲ್ಟಾ. ವೀಲ್ ಬೇರಿಂಗಿನ ನಟ್ಟನ್ನು ಹಬ್ ತಿರುಗಿಸುತ್ತಲೇ ಬಿಗಿ ಮಾಡಿ, ಸಡಿಲಿಸಿ, ಪುನಃ ಹಗುರವಾಗಿ ಬಿಗಿ ಮಾಡಿ ಲಾಕ್ ಮಡಚಿ. ಪ್ಲೇ ಇರಬಾರದು, ಹಬ್ ಹಗುರವಾಗಿ ತಿರುಗಲೂ ಬೇಕು.

ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿ ನಿಂತಿರುವ ಪ್ರಮಾಣ, ಅಳೆಯಲು ಟೇಪ್ ಸಾಕು. ಎರಡೂ ಟೈರಿನ ನಡುಗೆರೆಗೆ ಸೀಮೆಸುಣ್ಣದ ಗುರುತು ಹಾಕಿ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. ನಾನು ಮುಂದಿನ ಅಳತೆ ಮೂರ್ನಾಲ್ಕು ಮಿಲಿಮೀಟರ್ ಕಡಿಮೆ ಬರುವಂತೆ ಇಡುತ್ತೇನೆ.

ಮಾಡಿಫಿಕೇಶನ್ ಬಗ್ಗೆ ಎರಡು ಮಾತು. ಲೀಫ್ ಸ್ಪ್ರಿಂಗನ್ನು ಛಾಸಿಗೆ ತೂಗುಹಾಕುವ ಶ್ಯಾಕಲ್ಲನ್ನು ಉದ್ದದ್ದು ಹಾಕಿ ಮುಂಭಾಗ ಎತ್ತಿದರೆ ಕ್ಯಾಸ್ಟರ್ ಕೋನ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿ, ಇಷ್ಟು ಕಷ್ಟಪಟ್ಟು ನಿಲ್ಲಿಸಿದ ನಡುಕ ವಾಪಸ್ ಬರುತ್ತದೆ. ಕಂಪನಿಯ 205/70 ಟೈರು ತೆಗೆದು ತೀರಾ ದೊಡ್ಡದು, ಭಾರದ್ದು ಹಾಕಿದರೂ ಹಾಗೇ. ಕಾನೂನೂ ಇದೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿವರ ಬದಲಿಸಲು ಬಿಡುವುದಿಲ್ಲ. 15 ವರ್ಷ ದಾಟಿದ ಗಾಡಿ ಎಫ್‌ಸಿಗೆ (ಫಿಟ್‌ನೆಸ್ ಪರೀಕ್ಷೆಗೆ) ನಿಂತಾಗ ಇನ್‌ಸ್ಪೆಕ್ಟರ್ ಕಣ್ಣು ಮೊದಲು ಹೋಗುವುದೇ ಟೈರಿನ ಕಡೆ.

ನಾನು ಎಲ್ಲರಿಗೂ ಹೇಳುವ ಮಾಡಿಫಿಕೇಶನ್ ಹೊರಗೆ ಕಾಣುವುದೇ ಇಲ್ಲ: ಆಕ್ಸಲ್ ಬ್ರೀದರ್, ಅಂದರೆ ಆಕ್ಸಲ್ಲಿನ ಒಳಗಿನ ಗಾಳಿ ಆಡುವ ಕಿಂಡಿ. ಓಡಿ ಬಿಸಿಯಾದ ಆಕ್ಸಲ್ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ತಣಿದು ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು ಹೀಗೆ. ಬ್ರೀದರ್ ಕೆಸರಿನಿಂದ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಈಗ ಹಾಕಿದ ಹೊಸ ಸೀಲನ್ನೇ ದಾಟಿ ಎಣ್ಣೆ ಹೊರಗೆ ತಳ್ಳುತ್ತದೆ. ಬ್ರೀದರ್ ಜಾಗಕ್ಕೆ ಎಣ್ಣೆ ತಡೆಯುವ ರಬ್ಬರ್ ಪೈಪು ಹಾಕಿ, ಇಂಜಿನ್ ಬೇಯಲ್ಲಿ ಬ್ಯಾಟರಿಗಿಂತ ಮೇಲಕ್ಕೆ ಒಯ್ದು, ತುದಿಗೆ ಒಂದು ಚಿಕ್ಕ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿ. ಚಕ್ರ ಪೂರ್ತಿ ಮೇಲೆ ಕೆಳಗೆ ಆಡುವಷ್ಟು ಪೈಪಿನಲ್ಲಿ ಸಡಿಲ ಬಿಡಬೇಕು.

ಮೊದಲ ಓಟ ಹತ್ತಿರದಲ್ಲೇ ಇರಲಿ. ನಿಂತ ಕೂಡಲೇ ಎರಡೂ ಹಬ್ಬಿಗೆ ಕೈ ಹತ್ತಿರ ಹಿಡಿದು ನೋಡಿ. ಒಂದು ಬೆಚ್ಚಗೆ, ಇನ್ನೊಂದು ಮುಟ್ಟಲಾಗದಷ್ಟು ಬಿಸಿ ಎಂದರೆ ಆ ಬದಿಯ ನಟ್ ಅತಿ ಬಿಗಿಯಾಗಿದೆ, ಇಲ್ಲವೇ ಕ್ಯಾಲಿಪರ್ ಹಿಡಿದುಕೊಂಡಿದೆ. ಇನ್ನೂರು ಕಿಲೋಮೀಟರ್ ಆದ ಮೇಲೆ ಕಿಂಗ್‌ಪಿನ್, ಸ್ಪಿಂಡಲ್, ಕ್ಯಾಲಿಪರ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿಬಿಡಿ.