‘ಸದಸ್ಯರ ಪಟ್ಟಿ ಕೊಡುತ್ತದೆ’ ಅಂತ ಬರೆದರೆ ಸಾಲದು

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಬೆಳೆಗಾರರ ಸಂಘದ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸ ನನ್ನದು. ಹೋದ ಮಳೆಗಾಲದಲ್ಲಿ ಅವರ ಸದಸ್ಯರ ಖಾತೆಗಳನ್ನು ಎಐ ಏಜೆಂಟ್, ಅಂದರೆ ಪ್ರಶ್ನೆ ಕೇಳಿದರೆ ತಾನೇ ಟೂಲ್‌ಗಳನ್ನು ಬಳಸಿ ಉತ್ತರಿಸುವ ಎಐ, ಹುಡುಕಿ ಹೇಳುವಂತೆ ಒಂದು ಟೂಲ್ ಮಾಡಿಕೊಟ್ಟೆ. ನೋಡಿ ಹೇಳಬೇಕು, ಏನನ್ನೂ ತಿದ್ದಬಾರದು, ಅಷ್ಟೇ. ಕೋಡ್ ಎರಡು ದಿನದಲ್ಲಿ ಮುಗಿಯಿತು. ಅದರ ವಿವರಣೆ ಬರೆಯಲು ಮೂರು ವಾರ ಹಿಡಿಯಿತು.

ಎಐಗೆ ಹೊರಗಿನ ಟೂಲ್‌ಗಳನ್ನು ಜೋಡಿಸಲು 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಹೊರತಂದ ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್) ಪದ್ಧತಿಯಲ್ಲಿ ಪ್ರತಿ ಟೂಲ್‌ಗೂ ಒಂದು ಹೆಸರು, ಒಂದು ವಿವರಣೆ, ಏನೇನು ಕೊಟ್ಟು ಕರೆಯಬೇಕೆಂದು ಹೇಳುವ ಸ್ಕೀಮಾ ಇರುತ್ತವೆ. ಒಳಗಿನ ಕೋಡ್ ಏಜೆಂಟ್‌ಗೆ ಕಾಣುವುದಿಲ್ಲ. ಇಷ್ಟನ್ನು ಓದಿಕೊಂಡೇ ಅದು ಕೆಲಸಕ್ಕಿಳಿಯಬೇಕು. ನಾನು ಮೊದಲು ಬರೆದದ್ದು ಒಂದೇ ಸಾಲು: ‘ಸದಸ್ಯರ ಪಟ್ಟಿ ಕೊಡುತ್ತದೆ.’

ಸಂಘದ ಹಿರಿಯ ಗುಮಾಸ್ತರು ಮೊದಲ ದಿನವೇ ಏಜೆಂಟನ್ನು ಕೇಳಿದರು, ಹೊಸನಗರ ತಾಲ್ಲೂಕಿನವರು ಎಷ್ಟು ಜನ ಅಂತ. 50 ಎಂದಿತು.

“ಎಂತ ಮಾರಾಯ್ರೆ ಇದು! ಸರ್ವಸದಸ್ಯರ ಸಭೆಗೆ ಆ ಕಡೆಗೇ 200ಕ್ಕೂ ಹೆಚ್ಚು ನೋಟಿಸ್ ಕಳಿಸಿದ್ದೀನಿ ನಾನು.”

ಟೂಲ್ ಒಂದು ಸಲಕ್ಕೆ 50 ಹೆಸರು ಮಾತ್ರ ಕೊಡುತ್ತದೆ, ಉಳಿದವು ಬೇಕಾದರೆ ಕರ್ಸರ್ ಎಂಬ ಗುರುತನ್ನು ಹಿಡಿದು ಮತ್ತೆ ಕರೆಯಬೇಕು. ಅದು ನನಗೆ ಗೊತ್ತಿತ್ತು, ವಿವರಣೆಯಲ್ಲಿ ಇರಲಿಲ್ಲ. ಏಜೆಂಟ್ ಕೈಗೆ ಬಂದಷ್ಟನ್ನು ಎಣಿಸಿ ಧೈರ್ಯವಾಗಿ ಹೇಳಿಬಿಟ್ಟಿತು. ಹೊಸದಾಗಿ ಸೇರಿದ ಹುಡುಗನಾದರೆ ‘ಸರ್, ಇಷ್ಟೇನಾ?’ ಅಂತ ಒಂದು ಮಾತು ಕೇಳುತ್ತಿದ್ದ. ಆಗ ಹೀಗೆ ತಿದ್ದಿದೆ: ‘ಒಂದು ಕರೆಗೆ ಹೆಚ್ಚೆಂದರೆ 50 ಸದಸ್ಯರು. ಉತ್ತರದಲ್ಲಿ ಕರ್ಸರ್ ಇದ್ದರೆ ಪಟ್ಟಿ ಮುಗಿದಿಲ್ಲ. ಪಟ್ಟಿ ಮುಗಿಯುವ ತನಕ ಒಟ್ಟು ಸಂಖ್ಯೆ ಹೇಳಬೇಡ.’ ಗುಮಾಸ್ತರಿಗೂ ಓದಲು ಬರಲಿ ಎಂದು ಕನ್ನಡದಲ್ಲೇ ಬರೆದೆ. ಏಜೆಂಟ್‌ಗೆ ಅದರಿಂದ ತೊಂದರೆಯೇನೂ ಆಗಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ‘ಓದಲು ಮಾತ್ರ’ ಎಂಬ ಮಾತು. ಎಂಸಿಪಿಯ 2025ರ ಮಾರ್ಚ್ ಆವೃತ್ತಿಯಿಂದ ಟೂಲ್‌ಗೆ ‘ರೀಡ್‌ಓನ್ಲಿ ಹಿಂಟ್’ ಎಂಬ ಗುರುತು ಹಾಕಬಹುದು. ಹಾಕದಿದ್ದರೆ ಈ ಟೂಲ್ ಏನನ್ನಾದರೂ ಬದಲಿಸೀತು ಎಂದೇ ಲೆಕ್ಕ. ನಾನು ಹಾಕಿದೆ. ಆದರೆ ಅದು ಹೆಸರೇ ಹೇಳುವಂತೆ ಬರೀ ಸೂಚನೆ, ಬೀಗ ಅಲ್ಲ. ಬೀಗ ಡೇಟಾಬೇಸ್‌ನಲ್ಲೇ ಇರಲಿ ಎಂದು ಸಂಘದ ಮಾಹಿತಿ ಇರುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಟೂಲ್‌ಗೆಂದೇ ಬೇರೆ ರೋಲ್ (ಬಳಕೆದಾರ ಖಾತೆ) ಮಾಡಿ, ಅದಕ್ಕೆ ಸೆಲೆಕ್ಟ್, ಅಂದರೆ ಓದುವ ಅನುಮತಿ ಒಂದನ್ನೇ ಕೊಟ್ಟೆ. ಮರುಕ್ಷಣವೇ ಟೂಲ್ ನಿಂತುಹೋಯಿತು. ‘ಪರ್ಮಿಷನ್ ಡಿನೈಡ್.’ ಹುಡುಕಿದರೆ, ಹಳೆಯ ಕೋಡ್‌ನಿಂದ ಎತ್ತಿಕೊಂಡಿದ್ದ ಒಂದು ಫಂಕ್ಷನ್ ಪ್ರತಿ ಸದಸ್ಯರ ಸಾಲಿನಲ್ಲೂ ‘ಕೊನೆಗೆ ನೋಡಿದ ಸಮಯ’ ಬರೆಯುತ್ತಿತ್ತು. ಏನನ್ನೂ ಬದಲಿಸುವುದಿಲ್ಲ ಅಂತ ನಾನು ಬರೆದುಕೊಟ್ಟಿದ್ದ ಮಾತು ಅಷ್ಟು ದಿನವೂ ಸುಳ್ಳಾಗಿತ್ತು. ಆ ಫಂಕ್ಷನ್ ಕಿತ್ತುಹಾಕಿದೆ. ಯಾರು ಯಾವಾಗ ಏನು ಹುಡುಕಿದರು ಎಂಬುದು ಈಗ ಬೇರೆ ಲಾಗ್‌ಗೆ (ದಾಖಲೆ ಕಡತಕ್ಕೆ) ಹೋಗುತ್ತದೆ, ವಿವರಣೆಯಲ್ಲೂ ಆ ಮಾತಿದೆ.

ಓದಲು ಮಾತ್ರ ಎಂದರೆ ಅಪಾಯವಿಲ್ಲ ಎಂದೂ ಅಲ್ಲ. ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರ್ ಮೂರನ್ನೂ ಉತ್ತರದಿಂದ ತೆಗೆದೆ. ತೆಗೆದಿದ್ದೇನೆ ಎಂದೂ ಬರೆಯಬೇಕಾಯಿತು. ಬರೆಯದೆ ಇದ್ದಾಗ ಏಜೆಂಟ್ ಫೋನ್ ನಂಬರ್‌ಗಾಗಿ ಅದೇ ಟೂಲನ್ನು ಬೇರೆ ಬೇರೆ ರೀತಿ ನಾಲ್ಕಾರು ಸಲ ಕರೆದು ಒದ್ದಾಡಿತು.

ಹೆಸರಿನದು ಇನ್ನೊಂದು ಕಥೆ. ನಮ್ಮಲ್ಲಿ ಮಂಜುನಾಥ, ನಾಗರಾಜ ಇಲ್ಲದ ಊರಿಲ್ಲ. ಸಂಘದಲ್ಲಿ ಅವರನ್ನು ಗುರುತಿಸುವುದು ಊರಿನ ಹೆಸರಿಂದ, ಮನೆತನದ ಹೆಸರಿಂದ. ಹಾಗಾಗಿ ‘ಒಂದೇ ಹೆಸರಿನವರು ಹಲವರು ಇರುತ್ತಾರೆ, ಸದಸ್ಯತ್ವ ಸಂಖ್ಯೆಯೇ ಗುರುತು, ಒಬ್ಬರಿಗಿಂತ ಹೆಚ್ಚು ಸಿಕ್ಕರೆ ಊರು ಕೇಳು’ ಎಂದು ಸೇರಿಸಿದೆ. ಖಾಲಿ ಪಟ್ಟಿ ಬಂದರೆ ಆ ಹೆಸರಿನವರು ಸಿಗಲಿಲ್ಲ ಎಂದರ್ಥ, ಅನುಮತಿ ಇಲ್ಲದಿದ್ದರೆ ಎರರ್ ಬರುತ್ತದೆ, ಎರಡನ್ನೂ ಒಂದು ಮಾಡಬೇಡ ಎಂದೂ ಬರೆದೆ. ಇಲ್ಲವಾದರೆ 30 ವರ್ಷದ ಸದಸ್ಯರೊಬ್ಬರಿಗೆ ‘ನೀವು ನಮ್ಮ ಸದಸ್ಯರೇ ಅಲ್ಲ’ ಎಂಬ ಉತ್ತರ ಹೋಗುತ್ತದೆ.

ಎಲ್ಲ ಮುಗಿಯಿತು ಅಂದುಕೊಂಡು ಒಂದು ಸಂಜೆ ಕೂತು ಪೂರ್ತಿ ವಿವರಣೆಯನ್ನು ಗುಮಾಸ್ತರಿಗೆ ಓದಿಹೇಳಿದೆ. ಹೊರಗೆ ಮಳೆ ಹೊಡೆಯುತ್ತಿತ್ತು, ಕರೆಂಟ್ ಇರಲಿಲ್ಲ, ಲ್ಯಾಪ್‌ಟಾಪ್ ಬೆಳಕಲ್ಲೇ ಓದಿದ್ದು. ‘ಸಕ್ರಿಯ: ಖಾತೆ ಚಾಲ್ತಿಯಲ್ಲಿರುವ ಸದಸ್ಯರು’ ಎಂಬಲ್ಲಿ ಅವರು ಕೈ ಎತ್ತಿದರು.

“ಅಲ್ಲಿ ಸ್ವಲ್ಪ ನಿಲ್ಲಿ. ತೀರಿಹೋದವರ ಖಾತೆ ಮಕ್ಕಳ ಹೆಸರಿಗೆ ಆಗದೆ ಹಾಗೇ ಉಳಿದದ್ದು ಎಷ್ಟೋ ಇದೆ. ಅವೂ ಚಾಲ್ತಿಯಲ್ಲೇ ಇವೆ. ಇದು ಅವರ ಮನೆಗೆ ಅವರದೇ ಹೆಸರಲ್ಲಿ ಸಭೆಯ ಕರೆಯೋಲೆ ಬರೆದರೆ ಹೇಗಿರುತ್ತೆ ಹೇಳಿ?”

ಆ ಸಾಲನ್ನು ಅಲ್ಲೇ ತಿದ್ದಿದೆ: ‘ಸಕ್ರಿಯ ಎಂದರೆ ಖಾತೆ ಮುಚ್ಚಿಲ್ಲ ಎಂದಷ್ಟೇ. ಸದಸ್ಯರು ಬದುಕಿದ್ದಾರೆ ಎಂದು ಇದರಿಂದ ತಿಳಿಯಬೇಡ.’ ಅವರು ಇನ್ನೊಮ್ಮೆ ಓದಿಸಿಕೊಂಡು, ಮುಂದಿನ ಸಾಲಿಗೆ ಹೋಗಿ ಎಂದರು.