ಉಗುರು ಕಚ್ಚುವ ಚಟ ಬಿಡಬೇಕೆ? ಮೊದಲು ಹೆಬ್ಬೆರಳನ್ನು ಹಿಡಿಯಿರಿ

ನನ್ನ ಸಹೋದ್ಯೋಗಿಯೊಬ್ಬರು ಒಂದು ಸೋಮವಾರ ಹತ್ತೂ ಉಗುರಿಗೆ ಕಹಿ ದ್ರಾವಣ ಬಳಿದುಕೊಂಡು ಕಚೇರಿಗೆ ಬಂದರು. ‘ಇವತ್ತಿಗೆ ಮುಗಿಯಿತು ನೋಡಿ’ ಎಂದು ಕೈ ಚಾಚಿ ತೋರಿಸಿದರು. ಬುಧವಾರದ ಸಭೆಯಲ್ಲಿ ಅವರ ಮುಖ ಕಹಿಗೆ ಹಿಂಡಿಕೊಂಡಿತ್ತು, ಬೆರಳು ಮಾತ್ರ ಬಾಯಲ್ಲೇ ಇತ್ತು. ಶುಕ್ರವಾರದ ಹೊತ್ತಿಗೆ ಮೊದಲು ಕಹಿಯನ್ನು ಚೀಪಿ ಮುಗಿಸಿ ಆಮೇಲೆ ನಿಶ್ಚಿಂತೆಯಿಂದ ಕಚ್ಚುವುದನ್ನು ಕಲಿತುಬಿಟ್ಟಿದ್ದರು. ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ಉಗುರನ್ನೂ, ಉಗುರು ಮುಗಿದ ಮೇಲೆ ಪಕ್ಕದ ಚರ್ಮವನ್ನೂ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಚ್ಚಿದವಳು ನಾನು. ಕೈ ಸೋಪಿನ ನೀರಿಗೆ ತಾಗಿದರೆ ಚುರ್ರೆನ್ನುತ್ತಿತ್ತು. ಯಾರಾದರೂ ಸಹಿ ಹಾಕಿ ಎಂದು ಪೆನ್ನು ಕೊಟ್ಟರೆ ಬೆರಳು ಮಡಿಸಿಕೊಂಡೇ ಬರೆಯುತ್ತಿದ್ದೆ.

ಎಲ್ಲರೂ ಬಾಯಿಗೆ ಕಾವಲು ಹಾಕುತ್ತಾರೆ. ಕೆಲಸ ಶುರುವಾಗುವುದು ಅದಕ್ಕೂ ಮೊದಲು, ಹೆಬ್ಬೆರಳಿನ ತುದಿಯಲ್ಲಿ.

ಸಾಮಾನು

ಚೂಪಾದ ಸಣ್ಣ ನೈಲ್ ಕಟರ್, ಉಗುರು ಉಜ್ಜುವ ನುಣುಪಾದ ಅರ, ಒಂದು ಡಬ್ಬಿ ಪೆಟ್ರೋಲಿಯಂ ಜೆಲ್ಲಿ, ನಾಲ್ಕು ಬ್ಯಾಂಡೇಜ್ ಪಟ್ಟಿ. ಎಲ್ಲವೂ ಎರಡೆರಡು ಇರಲಿ, ಒಂದು ಜೊತೆ ಮನೆಯಲ್ಲಿ, ಇನ್ನೊಂದು ಚೀಲದಲ್ಲಿ. ಕಟರ್ ಜೊತೆಗೇ ಮಡಿಸಿಟ್ಟಿರುವ ಲೋಹದ ಅರವನ್ನು ಮುಟ್ಟಬೇಡಿ. ಅದು ಉಗುರನ್ನು ನುಣುಪು ಮಾಡುವ ಬದಲು ಗರಗಸದಂತೆ ಸೀಳುತ್ತದೆ, ಸೀಳಿದ ಅಂಚು ಮತ್ತೆ ಹಲ್ಲಿಗೇ ಹೋಗುತ್ತದೆ. ಗಾಜಿನ ಅರ ಸಿಕ್ಕರೆ ಅದನ್ನೇ ಕೊಳ್ಳಿ.

ಒಂದು ವಾರ ಸುಮ್ಮನೆ ನೋಡುವುದು

ಈ ವಾರ ಕಚ್ಚುವುದನ್ನು ನಿಲ್ಲಿಸಬೇಕಿಲ್ಲ. ಬೆರಳು ಬಾಯಲ್ಲಿರುವುದು ಗೊತ್ತಾದಾಗಲೆಲ್ಲ ಒಂದು ಚೀಟಿಯಲ್ಲಿ ಮೂರು ಸಂಗತಿ ಬರೆಯಿರಿ: ಯಾವ ಬೆರಳು, ಏನು ಮಾಡುತ್ತಿದ್ದಿರಿ, ಇನ್ನೊಂದು ಕೈ ಎಲ್ಲಿತ್ತು. ಮೊದಲ ದಿನ ಎರಡೋ ಮೂರೋ ಗೆರೆ ಮಾತ್ರ ಇರುತ್ತವೆ, ಏಕೆಂದರೆ ಹೆಚ್ಚಿನ ಸಲ ಕಚ್ಚಿದ್ದು ನಮಗೇ ಗೊತ್ತಿರುವುದಿಲ್ಲ. ನಾಲ್ಕನೆಯ ದಿನಕ್ಕೆ ಚೀಟಿ ತುಂಬುತ್ತದೆ. ಚಟ ಹೆಚ್ಚಾಯಿತೆಂದು ಹೆದರಬೇಡಿ, ಹೆಚ್ಚಾಗಿರುವುದು ನಿಮ್ಮ ಗಮನ.

ನನ್ನ ಚೀಟಿಯಲ್ಲಿ ಕಂಡದ್ದು ಇಷ್ಟು. ಜಗಳ, ಚಿಂತೆ, ಭಯ ಇವುಗಳ ಹೊತ್ತಿನಲ್ಲಿ ನಾನು ಕಚ್ಚುತ್ತಿದ್ದುದು ಕಡಿಮೆ. ಓದುವಾಗ, ಫೋನಿನಲ್ಲಿ ಬೇರೆಯವರ ಮಾತು ಕೇಳುವಾಗ, ಕಂಪ್ಯೂಟರ್ ಪರದೆಯಲ್ಲಿ ಏನೋ ತೆರೆದುಕೊಳ್ಳಲಿ ಎಂದು ಕಾಯುವಾಗ ಹೆಚ್ಚು. ಅಂದರೆ ಒಂದು ಕೈಗೆ ಕೆಲಸವಿಲ್ಲದಿದ್ದಾಗ. ‘ಟೆನ್ಷನ್ ಕಡಿಮೆ ಮಾಡಿಕೊಳ್ಳಿ, ತಾನಾಗಿ ನಿಲ್ಲುತ್ತದೆ’ ಎಂಬ ಬುದ್ಧಿವಾದವನ್ನು ನಾನು ಅಂದಿನಿಂದ ಕಿವಿಗೆ ಹಾಕಿಕೊಂಡಿಲ್ಲ. ನಿಮ್ಮ ಚೀಟಿ ಬೇರೆಯೇ ಹೇಳಬಹುದು. ಅದಕ್ಕೇ ಬರೆಯಬೇಕು.

ಹೆಬ್ಬೆರಳು ತಡವುವ ಗಳಿಗೆ

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ನೋಡುವ ವಾರದ ಕೊನೆಗೆ ನಿಮ್ಮ ಕೈಯನ್ನು ಹತ್ತಿರದಿಂದ ಗಮನಿಸಿ. ಬೆರಳು ನೇರವಾಗಿ ಬಾಯಿಗೆ ಹೋಗುವುದು ಅಪರೂಪ. ಮೊದಲು ಹೆಬ್ಬೆರಳಿನ ತುದಿ ತೋರುಬೆರಳಿನ ಉಗುರಿನ ಅಂಚಿನ ಮೇಲೆ ಮೆಲ್ಲಗೆ ಹರಿದಾಡುತ್ತದೆ, ಅಲ್ಲಿಂದ ನಡುಬೆರಳಿಗೆ, ಅಲ್ಲಿಂದ ಉಂಗುರದ ಬೆರಳಿಗೆ. ಎಲ್ಲಾದರೂ ಒಂದು ಮೊನೆ, ಒಂದು ಒಣ ಸಿಬರು, ಒಂದು ಗಟ್ಟಿ ಚರ್ಮದ ತುಣುಕು ತಾಗಬೇಕು. ತಾಗಿದರೆ ಹೆಬ್ಬೆರಳು ಅಲ್ಲೇ ನಿಂತು ಅದನ್ನು ಎರಡು ಮೂರು ಸಲ ಮೀಟುತ್ತದೆ. ಆಮೇಲೆ ಕೈ ಏರುತ್ತದೆ. ಬಾಯಿಗೆ ಬಂದಾಗ ತೀರ್ಮಾನ ಆಗಿಹೋಗಿರುತ್ತದೆ, ಆಗ ಇಚ್ಛಾಶಕ್ತಿ ಬಳಸಲು ಹೊರಡುವುದು ಬಸ್ಸು ಹೋದ ಮೇಲೆ ಕೈ ಬೀಸಿದಂತೆ.

ಆದ್ದರಿಂದ ತಡೆಯಬೇಕಾದದ್ದು ಈ ತಡವುವಿಕೆಯನ್ನು. ಹೆಬ್ಬೆರಳು ಅಂಚು ಹುಡುಕಲು ಹೊರಟ ಕ್ಷಣವೇ ಅದನ್ನು ಒಳಗಿಟ್ಟು ಉಳಿದ ನಾಲ್ಕು ಬೆರಳನ್ನು ಅದರ ಮೇಲೆ ಮಡಚಿ, ಹದವಾಗಿ ಮುಷ್ಟಿ ಹಿಡಿಯಿರಿ. ನೋಯುವಷ್ಟು ಬಿಗಿ ಬೇಡ. ಕೈಯನ್ನು ತೊಡೆಯ ಮೇಲೋ ಮೇಜಿನ ಮೇಲೋ ಇಳಿಸಿ, ಒಂದರಿಂದ ಮೂರು ನಿಮಿಷ ಹಾಗೇ ಇಟ್ಟುಕೊಳ್ಳಿ. ಓದುವುದನ್ನೂ ಮಾತು ಕೇಳುವುದನ್ನೂ ನಿಲ್ಲಿಸಬೇಡಿ. ಕೈಯಲ್ಲಿ ಪೆನ್ನಿದ್ದರೆ ಅದನ್ನೇ ಹಿಡಿಯಬಹುದು. ಕಚ್ಚಬೇಕೆನ್ನುವ ಒತ್ತಡ ಏರಿ, ಒಂದು ಕಡೆ ನಿಂತು, ಇಳಿಯುವುದು ನಿಮಗೇ ತಿಳಿಯುತ್ತದೆ.

ಇದು ನನ್ನ ಆವಿಷ್ಕಾರವಲ್ಲ. ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು 1973ರಲ್ಲಿ ‘ಹ್ಯಾಬಿಟ್ ರಿವರ್ಸಲ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ ವಿಧಾನದ ತಿರುಳು ಇದೇ: ಚಟದ ಮೊದಲ ಸುಳಿವನ್ನು ಗುರುತಿಸು, ಅದೇ ಸ್ನಾಯುಗಳಿಗೆ ಅದರ ಜೊತೆ ಮಾಡಲಾಗದ ಬೇರೆ ಕೆಲಸ ಕೊಡು. ‘ಕಚ್ಚಬೇಡ’ ಎಂಬ ಆಜ್ಞೆ ಕೈಗೆ ಅರ್ಥವಾಗುವುದಿಲ್ಲ, ‘ಮುಷ್ಟಿ ಹಿಡಿ’ ಎಂದರೆ ಅರ್ಥವಾಗುತ್ತದೆ.

ಎಷ್ಟೋ ಜನ ಇದನ್ನು ಎರಡು ದಿನ ಮಾಡಿ, ಮೂರನೆಯ ದಿನ ಸಿನಿಮಾ ನೋಡುತ್ತಾ ಮೂರು ಉಗುರು ಮುಗಿಸಿ, ‘ನನಗಾಗದು’ ಎಂದು ಕೈಬಿಡುತ್ತಾರೆ. ಮೂರು ಹೋದರೆ ಏಳು ಉಳಿದಿವೆ. ಕಚ್ಚುತ್ತಿರುವುದು ನಡುವೆ ಗೊತ್ತಾದರೂ ಸರಿ, ಅಲ್ಲೇ ನಿಲ್ಲಿಸಿ ಮುಷ್ಟಿ ಹಿಡಿಯಿರಿ. ಅರ್ಧಕ್ಕೆ ಬಿಟ್ಟ ಉಗುರನ್ನು ‘ಸಮ ಮಾಡುತ್ತೇನೆ’ ಎಂದು ಹಲ್ಲಿಗೆ ಕೊಡಬೇಡಿ. ನನ್ನ ಇಪ್ಪತ್ತು ವರ್ಷ ಈ ಸಮ ಮಾಡುವುದರಲ್ಲೇ ಕಳೆಯಿತು.

ಅಂಚು

ಹೆಬ್ಬೆರಳಿಗೆ ಏನೂ ಸಿಗದಿದ್ದರೆ ಕೈ ಏರುವುದಿಲ್ಲ. ದಿನಕ್ಕೆರಡು ಸಲ ಅರವನ್ನು ಒಂದೇ ದಿಕ್ಕಿಗೆ ಎಳೆಯಿರಿ, ಹಿಂದೆ ಮುಂದೆ ಉಜ್ಜಿದರೆ ಉಗುರು ಪದರ ಪದರವಾಗಿ ಬಿಡುತ್ತದೆ.

ಪಕ್ಕದ ಚರ್ಮದ ಸಿಬರು

ಉಗುರಿಗಿಂತ ಹಟಮಾರಿ ಇದು. ಉಗುರಿನ ಬದಿಯಲ್ಲಿ ಒಣಗಿ ಎದ್ದ ಚರ್ಮದ ಮೊನೆಯನ್ನು ಹಲ್ಲಿನಿಂದ ಹಿಡಿದು ಎಳೆದರೆ ಅದು ಸತ್ತ ಭಾಗದಲ್ಲಿ ತುಂಡಾಗುವುದಿಲ್ಲ, ಗೆಣ್ಣಿನ ಕಡೆಗೆ ಸೀಳಿಕೊಂಡು ಜೀವಂತ ಚರ್ಮದೊಳಗೆ ಇಳಿಯುತ್ತದೆ. ರಕ್ತ ಬರುತ್ತದೆ, ಎರಡು ದಿನದಲ್ಲಿ ಗಟ್ಟಿ ಹಕ್ಕಳೆಯಾಗುತ್ತದೆ, ಆ ಹಕ್ಕಳೆಯೇ ಹೆಬ್ಬೆರಳಿಗೆ ಹೊಸ ಮೊನೆ. ಎಂಜಲು ಬೇರೆ ಚರ್ಮವನ್ನು ನೆನೆಸಿ ಒಣಗಿಸಿ ಇನ್ನಷ್ಟು ಬಿರುಕು ತರುತ್ತದೆ. ಗಾಯ ಆಗಿದ್ದಕ್ಕೆ ಕಚ್ಚುತ್ತೇವೆ, ಕಚ್ಚಿದ್ದಕ್ಕೆ ಗಾಯ.

ಸಿಬರು ಕಂಡರೆ ಹೀಗೆ ಮಾಡಿ. ಬೆರಳನ್ನು ಐದು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ. ಒಣಗಿದ್ದಾಗ ಕತ್ತರಿಸಬೇಡಿ, ಗಟ್ಟಿ ಮೊನೆ ಉಳಿಯುತ್ತದೆ. ಮೆತ್ತಗಾದ ಮೇಲೆ ಒರೆಸಿ, ಸ್ಪಿರಿಟ್‌ನಲ್ಲಿ ಒರೆಸಿದ ಕಟರ್‌ನಿಂದ ಸಿಬರಿನ ಬುಡಕ್ಕೆ ಸಮವಾಗಿ ಒಂದೇ ಸಲ ಕತ್ತರಿಸಿ. ಕತ್ತರಿಸುವಾಗ ಎಳೆಯಬೇಡಿ. ಬಿಳಿ ಭಾಗ ಮಾತ್ರ ಹೋಗಲಿ, ಕೆಂಪು ಭಾಗ ನಿಮ್ಮದೇ ಚರ್ಮ. ಮೇಲೆ ಜೆಲ್ಲಿ ಹಚ್ಚಿ, ಹೊರಗೆ ಹೋಗುವುದಿದ್ದರೆ ಪಟ್ಟಿ ಸುತ್ತಿ. ಪಟ್ಟಿಗೆ ಇನ್ನೊಂದು ಲಾಭವಿದೆ: ಹೆಬ್ಬೆರಳು ಅಲ್ಲಿಗೆ ಬಂದರೆ ಬಟ್ಟೆ ತಾಗಿ ಎಚ್ಚರಿಸುತ್ತದೆ. ಉಗುರಿನ ಬುಡದ ತೆಳು ಪೊರೆಯನ್ನು ಮಾತ್ರ ಕತ್ತರಿಸಬೇಡಿ, ಹಿಂದಕ್ಕೆ ತಳ್ಳಲೂಬೇಡಿ. ಉಗುರಿಗೂ ಚರ್ಮಕ್ಕೂ ನಡುವಿನ ಸಂದಿಗೆ ಅದೇ ಬಿರಡೆ. ಕಚ್ಚುವುದನ್ನು ಬಿಟ್ಟು ಈ ಪೊರೆಯನ್ನು ಉಜ್ಜುವ ಹೊಸ ಚಟ ಹಿಡಿದವರ ಹೆಬ್ಬೆರಳಿನ ಉಗುರಿನ ಮೇಲೆ ಅಡ್ಡಡ್ಡ ಏಣುಗಳು ಸಾಲಾಗಿ ಮೂಡುತ್ತವೆ.

ರಾತ್ರಿ ಮಲಗುವ ಮುನ್ನ ಹತ್ತೂ ಉಗುರಿನ ಸುತ್ತ ಜೆಲ್ಲಿ ತಿಕ್ಕಿ. ದುಬಾರಿ ‘ಕ್ಯುಟಿಕಲ್ ಆಯಿಲ್’ಗೆ ಹಣ ಸುರಿಯುವ ಅಗತ್ಯ ನನಗಂತೂ ಕಂಡಿಲ್ಲ.

ಕಹಿ ದ್ರಾವಣದ ಬಗ್ಗೆ

ಅದರಲ್ಲಿ ಸಾಮಾನ್ಯವಾಗಿ ಇರುವುದು ಡಿನಟೋನಿಯಂ ಬೆಂಜೊಯೇಟ್. 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ಮರಗಟ್ಟಿಸುವ ಔಷಧಗಳ ಸಂಶೋಧನೆಯ ನಡುವೆ ಅಕಸ್ಮಾತ್ತಾಗಿ ಸಿಕ್ಕ ಈ ವಸ್ತು ಜಗತ್ತಿನ ಅತಿ ಕಹಿ ಪದಾರ್ಥಗಳಲ್ಲೊಂದು. ಕುಡಿಯಬಾರದ ಸ್ಪಿರಿಟ್‌ಗೆ ಇದನ್ನು ಬೆರೆಸುತ್ತಾರೆ. ಗೊತ್ತಿಲ್ಲದೆ ಕಚ್ಚುವವರಿಗೆ ಇದು ಗಂಟೆ ಬಾರಿಸಿದಂತೆ, ಗೊತ್ತಿದ್ದೂ ಕಚ್ಚುವವರನ್ನು ಇದು ತಡೆಯುವುದಿಲ್ಲ. ಬೇಕಿದ್ದರೆ ಮೊದಲ ಎರಡು ವಾರ, ಮುಷ್ಟಿಯ ಜೊತೆಗೆ ಬಳಸಿ. ಗಾಯವಾದ ಚರ್ಮಕ್ಕೆ ಬಳಿದರೆ ಉರಿ ಏಳುತ್ತದೆ. ತಿನ್ನುವ ಪದಾರ್ಥಕ್ಕೂ ಕಹಿ ಅಂಟುತ್ತದೆ, ಆ ಬೆರಳಿನಿಂದ ಕಣ್ಣು ಉಜ್ಜಿಕೊಂಡರೆ ಅದರ ಕಥೆ ಬೇರೆ. ಅಂಟಿಸುವ ಕೃತಕ ಉಗುರನ್ನು ನಾನು ಯಾರಿಗೂ ಹೇಳುವುದಿಲ್ಲ. ಅಡಿಯ ಉಗುರು ತೆಳ್ಳಗಾಗುತ್ತದೆ, ಕಿತ್ತ ದಿನ ಕಚ್ಚಲು ಇನ್ನೂ ಸುಲಭ.

ಮಕ್ಕಳ ವಿಷಯದಲ್ಲಿ ಕೈಗೆ ಹೊಡೆಯುವುದು, ಬಂದವರ ಮುಂದೆ ಬೆರಳು ತೋರಿಸಿ ನಾಚಿಸುವುದು ಬೇಡ. ಮಗು ಕಚ್ಚುವುದನ್ನು ಬಿಡುವುದಿಲ್ಲ, ಬಾಗಿಲ ಹಿಂದೆ ನಿಂತು ಕಚ್ಚುತ್ತದೆ.

ವೈದ್ಯರಲ್ಲಿಗೆ ಯಾವಾಗ

ಉಗುರಿನ ಬದಿ ಕೆಂಪೇರಿ ಊದಿ ಟಕಟಕ ಮಿಡಿಯತೊಡಗಿದರೆ ಅದು ಉಗುರುಸುತ್ತು. ಕೀವು ತುಂಬಿದರೆ ಮನೆಯಲ್ಲಿ ಸೂಜಿ ಚುಚ್ಚಬೇಡಿ. ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಇದ್ದಾಗ ಬೆರಳು ಕಚ್ಚಿದರೆ ಅದೇ ವೈರಾಣು ಬೆರಳಿಗೂ ಇಳಿದು ನೀರುಗುಳ್ಳೆ ಎಬ್ಬಿಸುತ್ತದೆ, ಅದನ್ನಂತೂ ಒಡೆಯಲೇಬಾರದು. ಮಧುಮೇಹ ಇರುವವರು ಊತ ಕಂಡ ದಿನವೇ ಹೋಗಿ. ರಕ್ತ ಬಂದರೂ ಕೈ ನಿಲ್ಲದಿದ್ದರೆ ಆಪ್ತಸಮಾಲೋಚಕರನ್ನು ಕಾಣಲು ಸಂಕೋಚ ಬೇಡ. ಮನೋವೈದ್ಯರು ಬಳಸುವ ಡಿಎಸ್ಎಂ-5 ಕೈಪಿಡಿ 2013ರಲ್ಲಿ ಉಗುರು ಕಚ್ಚುವಿಕೆಯನ್ನು ಗೀಳಿಗೆ ಸಂಬಂಧಿಸಿದ ತೊಂದರೆಗಳ ಸಾಲಿನಲ್ಲಿ ಉದಾಹರಿಸಿದೆ.

ಕಾಯುವುದು

ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಬುಡದಿಂದ ತುದಿಯವರೆಗೆ ಹೊಸದಾಗಲು ಆರು ತಿಂಗಳು ಬೇಕು. ಹತ್ತನ್ನೂ ಒಟ್ಟಿಗೆ ಕಾಯಲು ಹೋಗಬೇಡಿ. ಅತಿ ಕೆಟ್ಟದ್ದನ್ನು ಬಿಟ್ಟು ಅದರ ನಂತರದ್ದನ್ನು ಆರಿಸಿ, ಆ ಒಂದಕ್ಕೆ ಬಿಳಿ ಗೆರೆ ಮೂಡಿದ ಮೇಲೆ ಪಕ್ಕದ್ದಕ್ಕೆ ಹೋಗಿ. ನನ್ನ ಮೊದಲ ಗೆರೆ ಎಡಗೈ ಉಂಗುರದ ಬೆರಳಿನದು. ಅದು ಮೂಡಿದ ವಾರ ನೆಲಕ್ಕೆ ಬಿದ್ದ ನಾಣ್ಯವನ್ನು ಅಂಚಿಗೆ ಉಗುರು ತೂರಿಸಿ ಎತ್ತಿದೆ, ಮತ್ತೆ ಬೀಳಿಸಿ ಮತ್ತೆ ಎತ್ತಿದೆ.

ಗೆರೆ ಮೂಡಿತೆಂದು ಉದ್ದ ಬಿಡುವ ಆಸೆ ಬರುತ್ತದೆ. ಬೇಡ. ಉದ್ದವಾದದ್ದು ಎಲ್ಲಾದರೂ ಸಿಕ್ಕಿ ಸೀಳುತ್ತದೆ, ಸೀಳಿದ ಅಂಚಿಗೆ ಹೆಬ್ಬೆರಳು ತಿರುಗಿ ಬರುತ್ತದೆ. ಬಿಳಿ ಭಾಗ ಒಂದು ಮಿಲಿಮೀಟರ್ ಉಳಿಯುವಂತೆ ವಾರಕ್ಕೊಮ್ಮೆ, ಸ್ನಾನವಾದ ಮೇಲೆ, ಕಟರ್‌ನಿಂದಲೇ ಕತ್ತರಿಸಿ, ಅರ ಎಳೆದು ಹೆಬ್ಬೆರಳಿನಿಂದ ಒಮ್ಮೆ ತಡವಿ ನೋಡಿ. ಆ ಒಂದು ಸಲ ಮಾತ್ರ ತಡವಲು ಅದಕ್ಕೆ ಅಪ್ಪಣೆಯಿದೆ.